ಆಚಾರವೂ ನ್ಯಾಯಾಸನವೂ : ತುಳುನಾಡಿನ ಕೆಲವು ವ್ಯಾಜ್ಯಗಳ ಚರಿತ್ರೆ

ಮಠಗಳ ಮಹೋತ್ಸವ ಸಂಪುಟಗಳಲ್ಲಿ ಗುರುಪರಂಪರೆಯನ್ನೂ ಶಿಲಾಶಾಸನಗಳನ್ನೂ ದಾಸೋಹದ ಮಹಿಮೆಯನ್ನೂ ಕುರಿತು ಬರೆಯುವುದು ವಾಡಿಕೆಯಾಗಿರುವುದು. ಅವನ್ನು ಬರೆಯಬಲ್ಲ ಪಂಡಿತರು ನಮ್ಮಲ್ಲಿ ಬೇಕಾದಷ್ಟು ಮಂದಿ ಇರುವರು. ನಾನು ಇಲ್ಲಿ ಹೇಳಹೊರಟಿರುವುದು ಬೇರೆಯ ಮಾತು. ಯಾವ ಹಳೆಯ ಮಠದ ಭಂಡಾರವನ್ನು ತೆರೆದು ನೋಡಿದರೂ ತಾಳೆಯೋಲೆಯ ಕಟ್ಟುಗಳ ಮಗ್ಗುಲಲ್ಲಿಯೇ ಛಾಪಾಕಾಗದದ ಕಟ್ಟುಗಳೂ ಇರುವುವು. ಓಲೆಗಳಿಗೆ ಮಹಾನವಮಿಯಲ್ಲಿ ಪೂಜೆಯಾಗುವುದು. ಈ ಕಾಗದಗಳಿಗೆ ಗೆದ್ದಲಿನ ಪೂಜೆಯೊಂದೇ. ಹಾಗಿದ್ದರೂ ಕಳೆದ ಇನ್ನೂರು ವರ್ಷಗಳಲ್ಲಿ ಮಠಗಳ ಭೂಮಿಕಾಣಿ, ಪಟ್ಟಾಧಿಕಾರ, ಉತ್ಸವದ ವೆಚ್ಚ, ಕಡೆಗೆ ಪೂಜೆಯ ಕ್ರಮವೂ ಕೂಡ ಎಷ್ಟೋ ವೇಳೆ ನಿರ್ಣಯಿಸಲ್ಪಟ್ಟುದು ಆ ಕಾಗದಗಳಲ್ಲಿಯೇ ಎಂಬುದನ್ನು ಭಕ್ತಮಹಾಶಯರು ಮರೆಯಲಾಗದು.

ಈ ಕಡೆಗೆ ನನ್ನ ಗಮನ ಹರಿದುದು ಪಾಠಶಾಲೆಯ ದಿನಗಳಲ್ಲಿ. ಗುರುಗಳ ಸಂಗಡ ಕಾರ್ಕಳದ ಗೊಮ್ಮಟನನ್ನೂ ಚತುರ್ಮುಖ ಬಸದಿಯನ್ನೂ ನೋಡಲು ಹೋಗಿದ್ದಾಗ ಆ ಊರಿನ ಹತ್ತಿರದ ಒಂದು ದೊಡ್ಡ ಮನೆಯಲ್ಲಿ ನಮಗೆ ಬಿಡಾರವಾಯಿತು. ರಾತ್ರಿ ಊಟವಾದ ಮೇಲೆ ಆ ಮನೆಯ ವೃದ್ಧ ಯಜಮಾನರು ಕೆಂಪು ವಸ್ತ್ರದಲ್ಲಿ ಸುತ್ತಿದ ಒಂದು ಕಟ್ಟನ್ನು ತಂದು ಗುರುಗಳ ಮುಂದಿಟ್ಟು, "ಸ್ವಾಮೀ, ನನ್ನ ಅಜ್ಜಿಯ ಅಣ್ಣನವರು ಹಾಕಿದ ದಾವೆ ಇದು. ನಾವು ಪಾಲಾದೆವೋ ಆಗಲಿಲ್ಲವೋ ಎಂಬುದನ್ನು ಇದರಲ್ಲಿ ಓದಿ ಹೇಳಬೇಕು" ಎಂದರು. ನ್ಯಾಯಶಾಸ್ತ್ರದಲ್ಲಿ ಗದಾಧರನವರೆಗೆ ಓದಿದ್ದ ನಮ್ಮ ಗುರುಗಳು ಅದನ್ನು ಎರಡು ಗಳಿಗೆ ಓದಿ, "ಯಜಮಾನರೇ, ಇದರಲ್ಲಿ ಪಾಲು ಎಂಬ ಶಬ್ದವಿದೆ, ಪಾಲು ಇಲ್ಲ" ಎಂದುಬಿಟ್ಟರು. ಆಗ ನನಗೆ ಆ ಮಾತಿನ ಅರ್ಥವಾಗಲಿಲ್ಲ. ಮುಂದೆ ತುಳುನಾಡಿನ ವ್ಯಾಜ್ಯಗಳ ಚರಿತ್ರೆಯನ್ನು ಓದಿಕೊಂಡಾಗ ಆಯಿತು.

ನಮ್ಮ ಧರ್ಮಶಾಸ್ತ್ರಕಾರರು ನ್ಯಾಯಸ್ಥಾನಗಳಲ್ಲಿ ತಾರತಮ್ಯವನ್ನು ಹೇಳಿರುವರು. ಯಾಜ್ಞವಲ್ಕ್ಯನ ಮತದಲ್ಲಿ ಕುಲದವರ ಸಭೆಗಿಂತ ಒಂದೇ ವೃತ್ತಿಯವರ ಶ್ರೇಣಿ ಮೇಲು. ಅದಕ್ಕಿಂತ ಊರಿನ ಪೂಗ ಮೇಲು. ಎಲ್ಲಕ್ಕೂ ಮೇಲು ಅರಸನು ನೇಮಿಸಿದ ಅಧಿಕಾರಿಗಳ ಸಭೆ. ಅರಸನಾದರೂ ದೇಶಾಚಾರ ಕುಲಾಚಾರಗಳನ್ನು ವಿಚಾರಿಸಿ ತಿಳಿದುಕೊಂಡೇ ತೀರ್ಪು ಹೇಳತಕ್ಕದ್ದು. ಈ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮವನೇ. ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದ ಕಲ್ಯಾಣದಲ್ಲಿ ಹುಟ್ಟಿದ ಆ ಗ್ರಂಥವೇ ವಂಗದೇಶವೊಂದನ್ನು ಬಿಟ್ಟು ಭರತಖಂಡದ ಬಹುಭಾಗಕ್ಕೆ ದಾಯಭಾಗದ ಪ್ರಮಾಣವಾಯಿತು. ಆದರೆ ವಿನೋದವನ್ನು ನೋಡಿರಿ! ಕಲ್ಯಾಣದ ಗ್ರಂಥವು ಕಾಶಿಯವರೆಗೆ ನಡೆಯಿತು. ಘಟ್ಟದ ಕೆಳಗಿಳಿದು ಬಾರ್ಕೂರಿಗೆ ಬಂದಾಗ ಮಾತ್ರ ಅಲ್ಲಿಯ ಬಹುಜನರ ಮನೆಗಳ ಹೊಸ್ತಿಲನ್ನು ದಾಟಲಿಲ್ಲ. ಅಲ್ಲಿ ಆಸ್ತಿಯು ತಂದೆಯಿಂದ ಮಗನಿಗೆ ಬರದೆ ಸೋದರಮಾವನಿಂದ ಅಳಿಯನಿಗೆ ಬರುತ್ತಿತ್ತು. ಕಾರ್ಕಳದ ಭೈರರಸರಲ್ಲಿ ಸೋದರಳಿಯನು ಪಟ್ಟವೇರುತ್ತಿದ್ದುದು ಶಾಸನಗಳಿಂದ ತಿಳಿಯುವುದು.

ತುಳುನಾಡಿನ ಹಳೆಯ ನ್ಯಾಯವಿಚಾರಣೆಯು ಒಂದೇ ಕಟ್ಟಡದಲ್ಲಿ ನಡೆಯುತ್ತಿರಲಿಲ್ಲ. ಬಾರ್ಕೂರಿನಲ್ಲಿ ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ ಮೊದಲಾದ ಕೇರಿಗಳಿದ್ದು, ಅವುಗಳ ಹಲರು, ಎಂದರೆ ಊರಿನ ಮಹಾಜನರು, ಸಭೆಯಾಗಿ ಕಲೆಯುತ್ತಿದ್ದುದನ್ನು ವಿಜಯನಗರಕಾಲದ ಶಾಸನಗಳು ಹೇಳುವುವು. ಹಳ್ಳಿಗಳಲ್ಲಿ ಗುತ್ತಿನವರು, ಮಾಗಣೆಗೆ ಬೀಡಿನವರು. ಮನುಷ್ಯರ ಮಾತು ಸಾಲದಾದಾಗ ದೈವದ ನುಡಿ. ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಮುಂದೆ ಉಭಯಪಕ್ಷದವರು ನಿಂತು ಹೇಳಿಕೊಳ್ಳುವ 'ಹೊಯ್ಲು' ಎಂಬ ಪದ್ಧತಿಯು ಇಂದಿಗೂ ನಡೆದುಬಂದಿದೆ. ಅಲ್ಲಿ ವಕೀಲರಿಲ್ಲ, ಅಪೀಲೂ ಇಲ್ಲ. ಮಂಜುನಾಥನ ಮುಂದೆ ಸುಳ್ಳು ಹೇಳಬಾರದೆಂಬ ಭಯವೇ ಅಲ್ಲಿಯ ಪೊಲೀಸು. ಇಕ್ಕೇರಿ ಬಿದನೂರುಗಳ ವೀರಶೈವ ಅರಸರು ಈ ಸೀಮೆಯನ್ನು ಆಳಿದ ಕಾಲದಲ್ಲಿಯೂ ಈ ಸ್ಥಳೀಯ ಸಭೆಗಳನ್ನು ಮುರಿಯದೆ, ಶಿಸ್ತಿನ ಲೆಕ್ಕವನ್ನು ಮಾತ್ರ ಬಿಗಿಗೊಳಿಸಿದರು. ಕ್ರಿ. ಶ. 1763ರಲ್ಲಿ ಬಿದನೂರು ಹೈದರನ ವಶವಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಕನ್ನಡ ಜಿಲ್ಲೆಯು ಕುಂಪಣಿಯ ಕೈಸೇರಿತು.

ಮೊದಲನೆಯ ಕಲೆಕ್ಟರನಾಗಿ ಬಂದ ತಾಮಸ್ ಮನ್ರೋ ಎಂಬಾತನು ಇಲ್ಲಿದ್ದುದು ಒಂದು ವರ್ಷಕ್ಕೆ ಸ್ವಲ್ಪ ಹೆಚ್ಚು ಮಾತ್ರ. ಆದರೆ ಅಷ್ಟರಲ್ಲಿಯೇ ಆತನು ಒಂದು ಸತ್ಯವನ್ನು ಕಂಡುಕೊಂಡನು. ಈ ನಾಡಿನಲ್ಲಿ ಭೂಮಿಯು ಅರಸನ ಸೊತ್ತಲ್ಲ, ಒಕ್ಕಲಿನ ಸೊತ್ತು; ಅದಕ್ಕೆ ಮೂಲಪತ್ರಗಳಿರುವುವು; ಬಿದನೂರಿನ ರೇಖೆಯೂ ಅದರ ಮೇಲೆ ಕೂಡಿಸಿದ ಶಾಮಿಲೂ ಹಳೆಯ ಲೆಕ್ಕಗಳಲ್ಲಿ ಬೇರೆಬೇರೆಯಾಗಿ ಕಾಣುವುವು ಎಂದು 1800ರ ತನ್ನ ವರದಿಯಲ್ಲಿ ಬರೆದನು. ಕಾಗದವನ್ನು ಕಂಡು ಗೌರವಿಸಿದ ಅಧಿಕಾರಿ ಆತನು. ಕಾಗದವಿಲ್ಲದ ಆಚಾರಕ್ಕೆ ಮುಂದೆ ಯಾವ ಗತಿ ಬಂದೀತೆಂಬುದು ಆಗ ಯಾರಿಗೂ ಹೊಳೆದಿರಲಾರದು.

1802ರಲ್ಲಿ ಮದರಾಸು ಸರಕಾರವು ವಂಗದೇಶದ ಮಾದರಿಯ ಕಾಯಿದೆಗಳನ್ನು ತಂದು ಜಿಲ್ಲಾ ನ್ಯಾಯಸ್ಥಾನಗಳ ಪದ್ಧತಿಯನ್ನು ಪ್ರಾರಂಭಿಸಿತು. ಅವುಗಳ ಮೇಲೆ ಮದರಾಸಿನಲ್ಲಿ ಸದರ ಅದಾಲತ್ತು. ದಾವೆಗಳು ರಾಶಿಬಿದ್ದು ಜನರು ಬೇಸತ್ತಾಗ ಅದೇ ಮನ್ರೋವಿನ ಸಲಹೆಯಂತೆ 1816ರಲ್ಲಿ ಗ್ರಾಮ ಮುನಸೀಫರು, ಪಂಚಾಯತಿ, ಜಿಲ್ಲಾ ಮುನಸೀಫರು ಎಂಬ ದೇಶೀಯ ಅಧಿಕಾರಿಗಳ ಏರ್ಪಾಡಾಯಿತು. ಗ್ರಾಮ ಪಂಚಾಯತಿಯು ಹೆಸರಿಗೆ ಉಳಿಯಿತು. ಮುನಸೀಫನ ಕೋರ್ಟು ಬೇರೂರಿತು. ಉಡುಪಿ, ಕಾರ್ಕಳಗಳ ಮುನಸೀಫ ಕೋರ್ಟುಗಳ ಹೆಸರು ಮದರಾಸಿನ ತೀರ್ಪುಗಳ ವರದಿಗಳಲ್ಲಿ ಅಡಿಗಡಿಗೆ ಕಾಣಸಿಗುವುದು. ಕಾಪುವಿನ ಕಡಲತಡಿಯ ಒಕ್ಕಲಿಗನೂ ಬುತ್ತಿ ಕಟ್ಟಿಕೊಂಡು ಉಡುಪಿಗೆ ನಡೆದನು. ಸದರ ಅದಾಲತ್ತು ಹೋಗಿ 1862ರಲ್ಲಿ ಮದರಾಸಿನ ಹೈಕೋರ್ಟು ಸ್ಥಾಪಿತವಾಯಿತು. ಅದೇ ವರ್ಷ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಹೋಗಿ, ದಕ್ಷಿಣ ಕನ್ನಡವೊಂದೇ ಮದರಾಸಿನ ಪಾಲಿಗೆ ಉಳಿಯಿತು.

ಈ ಏರ್ಪಾಡಿನ ಒಂದು ವಿಲಕ್ಷಣವನ್ನು ಇಲ್ಲಿ ಹೇಳಲೇಬೇಕು. ಸಾಕ್ಷಿಯು ಕಟಕಟೆಯಲ್ಲಿ ನಿಂತು ತುಳುವಿನಲ್ಲಿ ನುಡಿಯುವನು. ಗುಮಾಸ್ತನು ಅದನ್ನು ಕನ್ನಡದಲ್ಲಿ ಬರೆದುಕೊಳ್ಳುವನು. ಅಪೀಲಾದರೆ ಆ ಕನ್ನಡವು ಇಂಗ್ಲಿಷಿಗೆ ತಿರುಗಿ ಮದರಾಸಿಗೆ ಹೋಗುವುದು. ಅಲ್ಲಿ ತುಳುನಾಡನ್ನು ಕಣ್ಣಾರೆ ಕಾಣದ ನ್ಯಾಯಾಧಿಪತಿಗಳು ಅದನ್ನು ಓದಿ, ಈ ಜನರ ಆಚಾರ ಇಂಥದೆಂದು ಹೇಳುವರು. ಮಂಗಳೂರಿಗೆ ರೈಲು ಬಂದುದೇ 1907ರಲ್ಲಿ. ಅದಕ್ಕಿಂತ ಮೊದಲು ಅಪೀಲುದಾರನಿಗೆ ಮದರಾಸು ಎಂಬುದು ಕಾಶಿಯಷ್ಟೇ ದೂರ. ಕಾಶಿಗೆ ಹೋದರೆ ಪುಣ್ಯವಾದರೂ ಬರುತ್ತಿತ್ತು.

ಮೂರು ಭಾಷೆಗಳನ್ನು ದಾಟುವಷ್ಟರಲ್ಲಿ ಆಚಾರಕ್ಕೆ ಏನಾಯಿತೆಂಬುದಕ್ಕೆ ಅಳಿಯಸಂತಾನದ ಕಥೆಯೇ ಸಾಕ್ಷಿ. ಈ ಕಟ್ಟಿನ ಮೂಲವನ್ನು ಜನರು ಭೂತಾಳಪಾಂಡ್ಯನಲ್ಲಿ ಹೇಳುವರು. ಅರಸನ ಹಡಗಿನ ನಿಮಿತ್ತ ಕುಂಡೋದರನೆಂಬ ಭೂತರಾಜನು ನರಬಲಿಯನ್ನು ಬೇಡಿದನಂತೆ. ರಾಣಿಯು ತನ್ನ ಮಕ್ಕಳನ್ನು ಕೊಡಲೊಲ್ಲದೆ ಹೋದಳಂತೆ. ಅರಸನ ತಂಗಿಯು ತನ್ನ ಮಗನನ್ನು ಒಪ್ಪಿಸಿದಳಂತೆ. ಆ ಹುಡುಗನೇ ಬದುಕಿಬಂದು ರಾಜ್ಯಕ್ಕೆ ಬಾಧ್ಯನಾದನಂತೆ. ಇದು ಪುರಾಣವೆಂಬುದರಲ್ಲಿ ಸಂಶಯವಿಲ್ಲ. ಆದರೆ ಭೂತಾಳಪಾಂಡ್ಯನ ಹೆಸರಿನಲ್ಲಿ 'ಅಳಿಯಸಂತಾನದ ಕಟ್ಟುಕಟ್ಟಳೆ' ಎಂಬ ಒಂದು ಪುಸ್ತಕವೂ ಹೊರಟಿತು. ಕೋರ್ಟುಗಳಿಗೆ ಬೇಕಾದುದು ಪುಸ್ತಕವೇ ಅಲ್ಲವೆ? ಬ್ರಾಹ್ಮಣರಿಗೆ ಮಿತಾಕ್ಷರವಿದ್ದಂತೆ ಬಂಟರಿಗೂ ಬಿಲ್ಲವರಿಗೂ ಒಂದು ಗ್ರಂಥ ದೊರೆಯಿತೆಂದು ವಕೀಲರು ಅದನ್ನು ಮುಂದಿಟ್ಟರು. ದಕ್ಷಿಣ ಕನ್ನಡದಲ್ಲಿ ನ್ಯಾಯಾಧೀಶನಾಗಿದ್ದ ಸಂಸ್ಕೃತ ವಿದ್ವಾಂಸ ಬರ್ನೆಲ್ಲನಂಥವರು ಅದನ್ನು ಇತ್ತೀಚಿನ ಕೂಟಕೃತಿಯೆಂದು ತಳ್ಳಿಹಾಕಿದರು. ಗ್ರಂಥವು ಕೃತ್ರಿಮವಿರಬಹುದು, ಆಚಾರವು ಕೃತ್ರಿಮವಲ್ಲ. ಈ ಎರಡನ್ನು ಬೇರ್ಪಡಿಸಿ ನೋಡುವ ತಾಳ್ಮೆಯು ಆ ಕಾಲದ ನ್ಯಾಯಾಸನಕ್ಕೆ ಎಲ್ಲ ವೇಳೆಯಲ್ಲಿಯೂ ಇದ್ದಿತೆಂದು ನಾನು ಹೇಳಲಾರೆನು.

1863ರಲ್ಲಿ ಹೊಸ ಹೈಕೋರ್ಟಿನ ಮುಂದೆ ಮುಂಡ ಚೆಟ್ಟಿ ಮತ್ತು ತಿಮ್ಮಜು ಹೆಂಗ್ಸು ಎಂಬವರ ನಡುವಣ ವ್ಯಾಜ್ಯವು ಬಂದಿತು. ಅಳಿಯಸಂತಾನದ ಕುಟುಂಬದಲ್ಲಿ ಒಬ್ಬ ಸದಸ್ಯನು ಬಲಾತ್ಕಾರವಾಗಿ ಪಾಲನ್ನು ಕೇಳಲಾರನೆಂಬುದು ಅದರಿಂದ ಸ್ಥಿರವಾಯಿತು. ಎಲ್ಲರೂ ಒಪ್ಪಿದರೆ ಪಾಲು. ಒಬ್ಬನು ಒಲ್ಲೆನೆಂದರೆ ಎಲ್ಲರೂ ಒಟ್ಟಿಗೆ. ಕುಟುಂಬದ ಆಡಳಿತವು ಹಿರಿಯನಾದ ಯಜಮಾನನ ಅಥವಾ ಹಿರಿಯಳಾದ ಯಜಮಾನ್ತಿಯ ಕೈಯಲ್ಲಿ.

ಕೇಳುವುದಕ್ಕೆ ಇದು ಕೂಡುಕುಟುಂಬವನ್ನು ಕಾಪಾಡುವ ಧರ್ಮದಂತೆಯೇ ತೋರುವುದು. ಆದರೆ ಮನೆಯೊಂದರಲ್ಲಿ ಐದು ಮಂದಿ ಸೋದರಿಯರ ಸಂತಾನವು ಬೆಳೆದು ನೂರು ಮಂದಿಯಾದಾಗ ಏನು ಮಾಡಬೇಕು? ಹಿಂದಿನವರು ಊರಿನ ನಾಲ್ವರನ್ನು ಕೂರಿಸಿಕೊಂಡು, ಈ ಬಯಲು ನಿಮಗೆ, ಆ ಬೆಟ್ಟು ನಮಗೆ ಎಂದು ಮಾಡಿಕೊಂಡು ಬದುಕುತ್ತಿದ್ದರು. ಈಗಲೂ ಹಾಗೆಯೇ ಮಾಡಿಕೊಂಡರು; ಆದರೆ ಅದಕ್ಕೆ ಕರಾರುಪತ್ರವೆಂದು ಹೆಸರಿಟ್ಟು ರಿಜಿಸ್ಟ್ರಿ ಮಾಡಿಸಿದರು. ಎರಡು ತಲೆ ಕಳೆದ ಮೇಲೆ ಅದೇ ಪತ್ರವು ಕೋರ್ಟಿನ ಮೇಜಿನ ಮೇಲೆ ಬಿದ್ದಿತು. ಇದು ಪೂರ್ಣ ವಿಭಾಗವೋ, ಅಥವಾ ಕುಟುಂಬವನ್ನು ಒಡೆಯದೆ ಜೀವನಾಂಶಕ್ಕೆಂದು ಮಾಡಿಕೊಂಡ ತಾತ್ಕಾಲಿಕ ವಿಂಗಡಣೆಯೋ? ವಿಭಾಗವಾದರೆ ಸತ್ತವನ ಆಸ್ತಿ ಅವನ ಕವಲಿಗೆ, ವಿಂಗಡಣೆಯಾದರೆ ಮೂಲಕುಟುಂಬಕ್ಕೆ. ಒಂದೇ ಪತ್ರದಲ್ಲಿ 'ಶಾಶ್ವತವಾಗಿ' ಎಂಬ ಪದವೂ, 'ಕುಟುಂಬದ ಐಕ್ಯಕ್ಕೆ ಭಂಗವಿಲ್ಲದೆ' ಎಂಬ ಪದವೂ ಇದ್ದರೆ ಬ್ರಹ್ಮನೇ ಬಂದು ಅರ್ಥಹೇಳಬೇಕು. ಈ ಒಂದು ಪ್ರಶ್ನೆಯ ಮೇಲೆ ಉಡುಪಿ, ಕಾರ್ಕಳ, ಮಂಗಳೂರು, ಮದರಾಸುಗಳಲ್ಲಿ ಮೂರು ತಲೆಮಾರಿನವರು ಸವೆದರು. ನಮ್ಮ ಗುರುಗಳು ಆ ರಾತ್ರಿ ಪಾಲು ಎಂಬ ಶಬ್ದವಿದೆ, ಪಾಲು ಇಲ್ಲ ಎಂದುದು ಇದನ್ನೇ.

1949ರಲ್ಲಿ ಮದರಾಸು ಶಾಸನಸಭೆಯು ಅಳಿಯಸಂತಾನ ಕಾಯಿದೆಯನ್ನು ಮಾಡಿ ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ಒಬ್ಬ ಸ್ತ್ರೀ, ಅವಳ ಮಕ್ಕಳು, ಹೆಣ್ಣುಸಂತತಿಯಲ್ಲಿ ಇಳಿದುಬಂದವರು, ಇವರೆಲ್ಲರೂ ಸೇರಿ ಒಂದು ಕವರು. ಹಳೆಯ ಕರಾರುಗಳಲ್ಲಿ ಎಂಥವನ್ನು ಪಾಲುಪತ್ರವೆಂದೇ ತಿಳಿಯಬೇಕೆಂಬುದನ್ನೂ ಕಾಯಿದೆಯೇ ಹೇಳಿತು: ಕುಟುಂಬದ ಪ್ರಾಪ್ತವಯಸ್ಕರೆಲ್ಲರೂ ಸೇರಿ, ಸಮಸ್ತ ಆಸ್ತಿಯನ್ನು ಶಾಶ್ವತ ಅನುಭೋಗಕ್ಕೆಂದು ಹಂಚಿಕೊಂಡ ರಿಜಿಸ್ಟರಾದ ಪತ್ರವಿರಬೇಕು. ಆದರೆ ಇದರಲ್ಲಿಯೂ ಒಂದು ತೊಡಕು. ಐವತ್ತು ವರ್ಷ ತುಂಬದ ಹೆಂಗಸೊಬ್ಬಳಾದರೂ ಇರುವ ಕವರು ಸಂತತಿ ಕವರು; ಇಲ್ಲದುದು ನಿಸ್ಸಂತತಿ ಕವರು. ಎರಡನೆಯದಕ್ಕೆ ದೊರೆಯುವ ಪಾಲಿನಲ್ಲಿ ಕೆಲವೆಡೆ ಆಯುಷ್ಯಪರ್ಯಂತದ ಅನುಭವ ಮಾತ್ರ. ಒಬ್ಬ ತಾಯಿಯ ಜನ್ಮಪತ್ರಿಕೆಯ ಮೇಲೆ ಮನೆತನದ ಭೂಮಿಯ ಹಣೆಬರಹ ನಿಂತಿತು! ಆ ಜನ್ಮಪತ್ರಿಕೆಯಾದರೂ ಎಷ್ಟು ಮನೆಗಳಲ್ಲಿ ಇದ್ದೀತು? 1956ರ ಹಿಂದೂ ವಾರಸಾ ಕಾಯಿದೆಯು ಬಂದು, ಅಂದಿನಿಂದ ಸತ್ತವರ ಹಕ್ಕು ಸಾಮಾನ್ಯ ವಾರಸುದಾರರಿಗೆ ಇಳಿಯುವಂತೆ ಮಾಡಿತು. ಅದರೊಂದಿಗೆ ಅಳಿಯಕಟ್ಟಿನ ಬೆನ್ನೆಲುಬು ಮುರಿಯಿತು. ಸೊಗಸೇನೆಂದರೆ, ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆಯೂ ಆ ಜಿಲ್ಲೆಯವರ ಮನೆಯ ಕಾನೂನಿಗೆ ಮದರಾಸಿನ ಹೆಸರೇ ದಶಕಗಳ ಕಾಲ ಅಂಟಿಕೊಂಡಿದ್ದಿತು.

ಇನ್ನು ಮಠಗಳ ಸಂಗತಿ. ದೇವಸ್ಥಾನ, ಛತ್ರ, ಮಠಗಳ ಮೇಲ್ವಿಚಾರಣೆಯನ್ನು ಕುಂಪಣಿ ಸರಕಾರವು 1817ರ ಕಾಯಿದೆಯಿಂದ ತಾನೇ ವಹಿಸಿಕೊಂಡಿತು; ಮಿಶನರಿಗಳು ಆಕ್ಷೇಪಿಸಲು, 1863ರ ಕಾಯಿದೆಯಿಂದ ಕೈ ತೊಳೆದುಕೊಂಡಿತು. ಮುಂದೆ 1927ರಲ್ಲಿ ಮದರಾಸಿನಲ್ಲಿ ಹಿಂದೂ ಧರ್ಮಾದಾಯ ಮಂಡಳಿಯು ಬಂದಿತು. ಅಷ್ಟರಲ್ಲಿ ಮಠಾಧಿಪತಿಯೆಂದರೆ ಯಾರೆಂಬ ಚರ್ಚೆಯು ಇಂಗ್ಲೆಂಡಿನವರೆಗೂ ಹೋಗಿದ್ದಿತು. ಆ ದೇಶದ ಕಾನೂನಿನಲ್ಲಿ ಟ್ರಸ್ಟಿ ಎಂಬ ಒಬ್ಬನಿರುವನು. ಸೊತ್ತು ಅವನ ಹೆಸರಿನಲ್ಲಿ, ಫಲ ಬೇರೆಯವರಿಗೆ. ನಮ್ಮ ಸ್ವಾಮಿಗಳು ಅಂಥವರೆ? ವಿದ್ಯಾವರುತಿತೀರ್ಥರ ವ್ಯಾಜ್ಯವೆಂದು ವಕೀಲರು ಕರೆಯುವ ಮೊಕದ್ದಮೆಯಲ್ಲಿ 1921ರಲ್ಲಿ ಪ್ರಿವಿ ಕೌನ್ಸಿಲು ಅಲ್ಲವೆಂದು ಹೇಳಿತು. ತೀರ್ಪನ್ನು ಬರೆದವರು ಸಯ್ಯದ್ ಅಮೀರ್ ಅಲಿಯವರು. ಮಠದ ಸ್ವರೂಪವನ್ನು ವಿದೇಶೀಯ ಅಚ್ಚಿನಲ್ಲಿ ಹೊಯ್ಯಬಾರದೆಂಬುದನ್ನು ಒಬ್ಬ ಮುಸಲ್ಮಾನ ವಿದ್ವಾಂಸರು ಅಷ್ಟು ಸ್ಪಷ್ಟವಾಗಿ ಕಂಡುದು ಸ್ಮರಣೀಯವಾಗಿದೆ.

ಉಡುಪಿಯ ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ವ್ಯಾಜ್ಯಕ್ಕೆ ಬರೋಣ. ಶ್ರೀಕೃಷ್ಣನ ಪೂಜೆಯು ಎಂಟು ಮಠಗಳಲ್ಲಿ ಎರಡೆರಡು ವರ್ಷದ ಪರ್ಯಾಯದಿಂದ ತಿರುಗುವುದನ್ನು ವಾಚಕರು ಬಲ್ಲರು. ಹದಿನಾರು ವರ್ಷಕ್ಕೊಮ್ಮೆ ಬರುವ ಆ ಸರದಿಯಲ್ಲಿ ಬಂದವರಿಗೆಲ್ಲ ಅನ್ನವಿಕ್ಕಬೇಕು. ಮಠದ ಹುಟ್ಟುವಳಿ ಸಾಲದೆ ಹೋದರೆ ಸಾಲಮಾಡಬೇಕು. ಶ್ರೀ ಲಕ್ಷ್ಮೀಂದ್ರತೀರ್ಥರು 1919ರಲ್ಲಿ ಬಾಲ್ಯದಲ್ಲಿಯೇ ಶಿರೂರಿನ ಪಟ್ಟವನ್ನೇರಿ, 1926ರ ಸುಮಾರಿಗೆ ಆಡಳಿತವನ್ನು ಕೈಗೆತ್ತಿಕೊಂಡರು. ಹಳೆಯ ಸಾಲವನ್ನು ಬಹುಮಟ್ಟಿಗೆ ತೀರಿಸಿದ್ದರು. ಅಷ್ಟರಲ್ಲಿ 1931ರ ಪರ್ಯಾಯ ಬಂದು ಮತ್ತೆ ಸಾಲವಾಯಿತು. ಎರಡನೆಯ ಸರದಿ 1946ರಲ್ಲಿ, ಯುದ್ಧಾನಂತರದ ಅಭಾವದ ಕಾಲದಲ್ಲಿ ಬಂದಿತು. ಆಗಿನ ಧಾರಣೆಯಲ್ಲಿ ಸಂತರ್ಪಣೆ ಮಾಡಿ ಮುಗಿಸಿದಾಗ ಸಾಲವು ಸುಮಾರು ಒಂದು ಲಕ್ಷ ರೂಪಾಯಿಗೇರಿತು. ದಾಸೋಹದ ಮಠಗಳಲ್ಲಿ ಬೆಳೆದ ನಮಗೆ ಆ ಸ್ಥಿತಿಯನ್ನು ವಿವರಿಸಿ ಹೇಳಬೇಕಾದುದಿಲ್ಲ. ಅನ್ನ ಹಾಕಿ ಸಾಲಗಾರರಾದವರನ್ನು ಲೋಕವು ಹೊಗಳುವುದು, ಲೆಕ್ಕದವನು ಹೊಗಳುವುದಿಲ್ಲ.

ಧರ್ಮಾದಾಯ ಮಂಡಳಿಯು ಪ್ರವೇಶಿಸಿ, ತಕ್ಕ ಆಡಳಿತಗಾರನೊಬ್ಬನನ್ನು ನೇಮಿಸಿಕೊಳ್ಳಬೇಕೆಂದು ಸ್ವಾಮಿಗಳಿಗೆ ತಿಳಿಸಿತು. 1948ರ ಕೊನೆಯಲ್ಲಿ ಒಬ್ಬ ಏಜೆಂಟನ ನೇಮಕವಾಯಿತು. ಇಬ್ಬರಿಗೂ ಸರಿಬೀಳದೆ 1950ರಲ್ಲಿ ಸ್ವಾಮಿಗಳು ಆ ಅಧಿಕಾರವನ್ನು ರದ್ದುಗೊಳಿಸಿದರು. ಮಂಡಳಿಯು ಮಠಕ್ಕೆ ಒಂದು ಆಡಳಿತಯೋಜನೆಯನ್ನೇ ವಿಧಿಸಲು ಹೊರಟಿತು. ಅಷ್ಟರಲ್ಲಿ ಭಾರತದ ಸಂವಿಧಾನವು ಜಾರಿಗೆ ಬಂದಿದ್ದಿತು. 1951ರಲ್ಲಿ ಮದರಾಸಿನ ಹೊಸ ಧರ್ಮಾದಾಯ ಕಾಯಿದೆಯೂ ಬಂದಿತು. ಸ್ವಾಮಿಗಳು ಹೈಕೋರ್ಟಿಗೆ ಹೋದರು. 1951ರ ಡಿಸೆಂಬರ್ 13ರಂದು ಅಲ್ಲಿ ಅವರಿಗೆ ಜಯವಾಯಿತು. ಸರಕಾರದ ಕಮಿಶನರರು ಸರ್ವೋಚ್ಚ ನ್ಯಾಯಾಲಯಕ್ಕೆ ಅಪೀಲು ಮಾಡಿದರು. ಏಳು ಮಂದಿ ನ್ಯಾಯಮೂರ್ತಿಗಳ ಪೀಠವು 1954ರಲ್ಲಿ ತೀರ್ಪನ್ನಿತ್ತಿತು. ಅದನ್ನು ಬರೆದವರು ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯವರು.

ಆ ತೀರ್ಪಿನ ಸಾರವು ಇಷ್ಟು. ಮಠಾಧಿಪತ್ಯವೆಂಬುದು ಬರಿಯ ಉದ್ಯೋಗವೂ ಅಲ್ಲ, ಬರಿಯ ಸೊತ್ತೂ ಅಲ್ಲ. ಕರ್ತವ್ಯವೂ ಸ್ವಕೀಯವಾದ ಹಕ್ಕೂ ಅದರಲ್ಲಿ ಬೆರೆತಿರುವುವು. ಧರ್ಮವೆಂದರೆ ಮನಸ್ಸಿನ ನಂಬಿಕೆ ಮಾತ್ರವಲ್ಲ, ಆಚರಣೆಯೂ ಧರ್ಮವೇ. ಇಂಥ ಹೊತ್ತಿಗೆ ಇಂಥ ನೈವೇದ್ಯ, ಇಂಥ ಪಾರಾಯಣ, ಇಂಥ ಉತ್ಸವ ಎಂದು ಸಂಪ್ರದಾಯವು ವಿಧಿಸಿದ್ದರೆ, ಹಣ ವೆಚ್ಚವಾಗುವುದೆಂಬ ಕಾರಣದಿಂದ ಅದು ಲೌಕಿಕವಾಗಿಬಿಡುವುದಿಲ್ಲ. ಯಾವುದು ಧರ್ಮದ ಅವಶ್ಯಕ ಅಂಗವೆಂಬುದನ್ನು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯತಕ್ಕದ್ದು. ಹಾಗೆಂದು ವೆಚ್ಚದ ಪ್ರಮಾಣವನ್ನೂ ಆಸ್ತಿಯ ಆಡಳಿತವನ್ನೂ ಸರಕಾರವು ನೋಡಲೇಬಾರದೆಂದೇನೂ ಅವರು ಹೇಳಲಿಲ್ಲ. ಅಧಿಕಾರಿಯು ಯಾವ ಹೊತ್ತಿನಲ್ಲಾದರೂ ಮಠದೊಳಕ್ಕೆ, ಗರ್ಭಗುಡಿಗೂ ಕೂಡ, ನುಗ್ಗಬಹುದೆಂದಿದ್ದ ವಿಧಿಯನ್ನೂ, ಸ್ವಾಮಿಗಳಿಗೆ ಬಂದ ಪಾದಕಾಣಿಕೆಯನ್ನು ಕಟ್ಟಿಹಾಕುವ ವಿಧಿಯನ್ನೂ ತೆಗೆದುಹಾಕಿದರು. ಆದಾಯದಲ್ಲಿ ನೂರಕ್ಕೆ ಐದರವರೆಗೆ ವಸೂಲು ಮಾಡುತ್ತಿದ್ದ ವಂತಿಗೆಯು ಮಾಡಿದ ಸೇವೆಗೆ ಪ್ರತಿಫಲವಾದ ಶುಲ್ಕವಲ್ಲ, ತೆರಿಗೆಯೇ. ಅದನ್ನು ಹಾಕುವ ಅಧಿಕಾರ ಪ್ರಾಂತಕ್ಕಿಲ್ಲ ಎಂದರು.

ಅಳಿಯಸಂತಾನದವರಿಗೆ ದೊರೆಯದ ಭಾಗ್ಯವು ಶಿರೂರಿಗೆ ದೊರೆಯಿತೆಂಬುದನ್ನು ಇಲ್ಲಿ ನೋಡಬೇಕು. ಅಲ್ಲಿ ನ್ಯಾಯಾಸನವು ಪುಸ್ತಕವನ್ನು ಹುಡುಕಿತು. ಇಲ್ಲಿ ಆಚರಿಸುವವರನ್ನೇ ಕೇಳೋಣವೆಂದಿತು. ಆದರೆ ಈ ಮಾತು ಎಲ್ಲ ಕಾಲಕ್ಕೂ ಹಾಗೆಯೇ ನಿಲ್ಲಲಿಲ್ಲ. 1961ರಲ್ಲಿ ಅಜಮೀರದ ದರ್ಗಾದ ವ್ಯಾಜ್ಯದಲ್ಲಿ ಅದೇ ನ್ಯಾಯಾಲಯದ ಇನ್ನೊಂದು ಪೀಠವು, ಮೂಢನಂಬಿಕೆಯಿಂದ ಹುಟ್ಟಿ ಧರ್ಮಕ್ಕೆ ಅಂಟಿಕೊಂಡ ಆಚರಣೆಗಳೂ ಇರಬಹುದು, ಅವನ್ನು ಜರಡಿಹಿಡಿದು ನೋಡಬೇಕಾದೀತು ಎಂದಿತು. ಜರಡಿ ಹಿಡಿಯುವವರು ಯಾರು? ನ್ಯಾಯಮೂರ್ತಿಗಳೇ. ಶಿರೂರಿನ ತೀರ್ಪಿಗೂ ದರ್ಗಾದ ತೀರ್ಪಿಗೂ ವಿರೋಧವಿರುವಂತೆ ತೋರುವುದೆಂದು ಶಬರಿಮಲೆಯ ಪುನರ್ವಿಮರ್ಶೆಯ ಸಂದರ್ಭದಲ್ಲಿ, 2019ರ ನವೆಂಬರ್ 14ರಂದು, ಆ ಪ್ರಶ್ನೆಯನ್ನು ಇನ್ನೂ ದೊಡ್ಡ ಪೀಠಕ್ಕೆ ಒಪ್ಪಿಸಲಾಯಿತು. ಉಡುಪಿಯ ಒಂದು ಪರ್ಯಾಯದ ಸಾಲವು ಎಲ್ಲಿಯವರೆಗೆ ಹೋಯಿತು ನೋಡಿರಿ!

ಆಚರಿಸುವವರನ್ನೇ ಕೇಳಬೇಕೆಂಬ ನ್ಯಾಯಕ್ಕೂ ಒಂದು ಮೇರೆಯುಂಟು. ಅದನ್ನು ತೋರಿಸಿದುದೂ ಇದೇ ಕರಾವಳಿಯ ಇನ್ನೊಂದು ವ್ಯಾಜ್ಯ. ಕಾಪುವಿನಿಂದ ತೆಂಕಣಕ್ಕೆ ಸ್ವಲ್ಪ ದೂರದಲ್ಲಿರುವ ಮೂಲ್ಕಿಯ ಶ್ರೀ ವೆಂಕಟರಮಣ ದೇವಸ್ಥಾನವು ಗೌಡ ಸಾರಸ್ವತ ಬ್ರಾಹ್ಮಣರದು. 1947ರಲ್ಲಿ ಮದರಾಸಿನ ದೇವಾಲಯಪ್ರವೇಶ ಕಾಯಿದೆಯು ಹರಿಜನರಿಗೆ ಬಾಗಿಲು ತೆರೆದಾಗ, ಇದು ನಮ್ಮ ಸಮಾಜದ ಗುಡಿ, ಇದಕ್ಕೆ ಆ ಕಾಯಿದೆ ತಗಲದು ಎಂದು ಆಡಳಿತದವರು 1949ರಲ್ಲಿ ದಕ್ಷಿಣ ಕನ್ನಡದ ಸಬ್ ಕೋರ್ಟಿನಲ್ಲಿ ದಾವೆಹೂಡಿದರು. ಅದು ಮದರಾಸನ್ನು ಹಾಯ್ದು ದಿಲ್ಲಿಗೆ ಹೋಗುವಷ್ಟರಲ್ಲಿ ರಾಜ್ಯಗಳ ಗಡಿಯೇ ಬದಲಾಗಿ, ಎದುರುವಾದಿಯು ಮೈಸೂರು ರಾಜ್ಯವಾಯಿತು. 1957ರ ನವೆಂಬರ್ 8ರಂದು ತೀರ್ಪಾಯಿತು. ಗುಡಿಯು ಸಮಾಜದ್ದೆಂಬುದು ನಿಜ. ಆದರೂ ಸಾರ್ವಜನಿಕ ಗುಡಿಗಳನ್ನು ಸಮಸ್ತ ಹಿಂದೂಗಳಿಗೆ ತೆರೆಯುವ ಸಂವಿಧಾನದ ವಿಧಿಯೇ ಮೇಲು. ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಮಾತ್ರ ಸಮಾಜದವರು ತಮ್ಮವರಿಗಷ್ಟೇ ಅವಕಾಶವನ್ನಿಟ್ಟುಕೊಳ್ಳಬಹುದು ಎಂದಾಯಿತು. ಶಿರೂರಿನ ತೀರ್ಪನ್ನು ಓದಿ ಸಂತೋಷಿಸುವ ಮಠಸ್ಥರು ಮೂಲ್ಕಿಯ ತೀರ್ಪನ್ನೂ ಅದೇ ಸಂತೋಷದಿಂದ ಓದಬೇಕೆಂದು ನನ್ನ ಬಿನ್ನಹ. ಶರಣರ ಮಾರ್ಗದಲ್ಲಿ ನಡೆಯುವೆವೆಂಬವರಿಗೆ ಮುಚ್ಚಿದ ಬಾಗಿಲು ಯಾವ ಕಾಲಕ್ಕೂ ಆಚಾರವಾಗಲಾರದು.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡವು ಕನ್ನಡನಾಡಿಗೆ ಸೇರಿತು. ಅದರ ಅಪೀಲುಗಳು ಮದರಾಸನ್ನು ಬಿಟ್ಟು ಬೆಂಗಳೂರಿಗೆ ತಿರುಗಿದುವು. ಮೈಸೂರಿನಲ್ಲಿ 1884ರಲ್ಲಿ ಚೀಫ್ ಕೋರ್ಟೆಂದು ಸ್ಥಾಪಿತವಾಗಿ 1930ರಲ್ಲಿ ಹೈಕೋರ್ಟೆಂಬ ಹೆಸರನ್ನು ಪಡೆದ ನ್ಯಾಯಾಲಯವು ಆಗ ಇಡೀ ರಾಜ್ಯದ್ದಾಯಿತು. 1957ರಲ್ಲಿ ಉಡುಪಿಯಲ್ಲಿ ಕಾನೂನು ಕಾಲೇಜೂ ಪ್ರಾರಂಭವಾಯಿತು. 1997ರಲ್ಲಿ ಉಡುಪಿಯೇ ಒಂದು ಜಿಲ್ಲೆಯಾಗಿ, ಹಿಂದೆ ಬೋಳುಗುಡ್ಡೆಯಾಗಿದ್ದ ಮಣಿಪಾಲದಲ್ಲಿ ಅದರ ಕಚೇರಿಗಳು ನೆಲೆಗೊಂಡುವು. ಅದೇ ವರ್ಷದ ಕರ್ನಾಟಕದ ಧರ್ಮಾದಾಯ ಕಾಯಿದೆಯು ಮಠಗಳನ್ನು ತನ್ನ ಹೊರಗಿಟ್ಟಿತು. ಆ ಭೇದಭಾವವೂ ಒಂದು ಕಾರಣವಾಗಿ 2006ರಲ್ಲಿ ಹೈಕೋರ್ಟು ಕಾಯಿದೆಯನ್ನೇ ಅಸಿಂಧುವೆಂದಿತು, ವ್ಯಾಜ್ಯವು ದಿಲ್ಲಿಗೆ ಹೋಯಿತು. ದೂರದ ಕಷ್ಟವು ಮಾತ್ರ ಪೂರ್ತಿ ತೀರಲಿಲ್ಲ. ಉತ್ತರ ಕರ್ನಾಟಕದವರು ಬಹುಕಾಲ ಹೋರಾಡಿ 2008ರಲ್ಲಿ ಧಾರವಾಡ, ಕಲಬುರಗಿಗಳಲ್ಲಿ ಸಂಚಾರಿ ಪೀಠಗಳನ್ನು ಪಡೆದರು. 2013ರಲ್ಲಿ ಅವು ಖಾಯಂ ಪೀಠಗಳಾದುವು. ಕರಾವಳಿಯ ವಕೀಲರೂ ಮಂಗಳೂರಿನಲ್ಲಿ ಅಂಥದೊಂದು ಪೀಠವನ್ನು ಕೇಳುತ್ತ ಬಂದಿರುವರು. ಘಟ್ಟದ ರಸ್ತೆಯು ಮಳೆಗಾಲದಲ್ಲಿ ಕುಸಿದಾಗ ಆ ಬೇಡಿಕೆಯ ನ್ಯಾಯವು ತಾನಾಗಿಯೇ ವೇದ್ಯವಾಗುವುದು.

1956ರ ಆ ವಿಂಗಡಣೆಯಲ್ಲಿ ಕಾಸರಗೋಡು ತಾಲೂಕು ಕೇರಳದ ಪಾಲಾಯಿತು. ಅಲ್ಲಿಯ ಎಡನೀರು ಮಠವು ಕನ್ನಡದ ಮಠ, ಯಕ್ಷಗಾನ ಸಂಗೀತಗಳಿಗೆ ಆಶ್ರಯವಾದ ಸ್ಥಾನ. ಕೇರಳದ ಭೂಸುಧಾರಣಾ ಕಾಯಿದೆಯಿಂದ ಮಠದ ಭೂಮಿಯು ಕೈಬಿಡುವ ಹೊತ್ತಿನಲ್ಲಿ, ಇನ್ನೂ ತರುಣರಾಗಿದ್ದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು 1970ರ ಮಾರ್ಚ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿಯನ್ನು ಸಲ್ಲಿಸಿದರು. ಮಠದ ಭೂಮಿಯ ಪ್ರಶ್ನೆಯಾಗಿ ಹುಟ್ಟಿದುದು ಬೆಳೆದು, ಪಾರ್ಲಿಮೆಂಟು ಸಂವಿಧಾನವನ್ನು ಎಷ್ಟರ ಮಟ್ಟಿಗೆ ತಿದ್ದಬಹುದೆಂಬ ಪ್ರಶ್ನೆಯಾಯಿತು. ಹದಿಮೂರು ಮಂದಿ ನ್ಯಾಯಮೂರ್ತಿಗಳು ಅರುವತ್ತೆಂಟು ದಿವಸ ವಾದವನ್ನು ಕೇಳಿದರು. 1973ರ ಏಪ್ರಿಲ್ 24ರಂದು ಏಳು ಮಂದಿ ಒಂದು ಕಡೆ, ಆರು ಮಂದಿ ಇನ್ನೊಂದು ಕಡೆ ನಿಂತು, ಸಂವಿಧಾನದ ಮೂಲಸ್ವರೂಪವನ್ನು ಕೆಡಿಸುವ ತಿದ್ದುಪಡಿಯು ಸಲ್ಲದೆಂದು ತೀರ್ಪಾಯಿತು.

ಆ ಏಳು ಮಂದಿಯಲ್ಲಿ ಒಬ್ಬರು ಕಾರ್ಕಳ ತಾಲೂಕಿನ ಕೌಡೂರಿನವರಾದ ನ್ಯಾಯಮೂರ್ತಿ ಕೆ. ಸದಾನಂದ ಹೆಗ್ಡೆಯವರು. ಅಳಿಯಸಂತಾನದ ನಾಡಿನಲ್ಲಿ 1909ರಲ್ಲಿ ಹುಟ್ಟಿ, ಅದೇ ಜಿಲ್ಲೆಯಲ್ಲಿ ವಕೀಲಿ ಮಾಡಿ, 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾಗಿ, 1966ರಲ್ಲಿ ದಿಲ್ಲಿ ಹೈಕೋರ್ಟಿನ ಮೊದಲನೆಯ ಮುಖ್ಯ ನ್ಯಾಯಾಧೀಶರಾಗಿ, ಮರುವರ್ಷ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವರು ಅವರು. ತೀರ್ಪಾದ ಮರುದಿನವೇ ಸರಕಾರವು ಶೆಲತ್, ಹೆಗ್ಡೆ, ಗ್ರೋವರ್ ಎಂಬ ಮೂವರು ಹಿರಿಯರನ್ನು ದಾಟಿ, ಎದುರು ಪಕ್ಷದಲ್ಲಿದ್ದ ಎ. ಎನ್. ರೇ ಎಂಬವರನ್ನು ಮುಖ್ಯ ನ್ಯಾಯಮೂರ್ತಿಗಳನ್ನಾಗಿ ಸಾರಿತು. ಹಿರಿತನದ ಕ್ರಮವೂ ನ್ಯಾಯಾಲಯದ ಒಂದು ಆಚಾರವೇ ಆಗಿದ್ದಿತು. ಅದು ಯಾವ ಪುಸ್ತಕದಲ್ಲಿಯೂ ಬರೆದಿರಲಿಲ್ಲ. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು. ಹೆಗ್ಡೆಯವರು 1977ರಲ್ಲಿ ಲೋಕಸಭೆಗೆ ಆರಿಸಿಹೋಗಿ, ಅದರ ಸಭಾಧ್ಯಕ್ಷರಾಗಿ 1980ರವರೆಗೆ ಇದ್ದು, 1990ರಲ್ಲಿ ತೀರಿಕೊಂಡರು.

ಎಡನೀರಿನ ಸ್ವಾಮಿಗಳಿಗೆ ತತ್ತ್ವದಲ್ಲಿ ಜಯವಾಯಿತು, ಭೂಮಿಯು ಉಳಿಯಲಿಲ್ಲ. ಅವರು ಮತ್ತೆ ತಮ್ಮ ಪೂಜೆ, ಸಂಗೀತ, ಯಕ್ಷಗಾನಗಳಿಗೆ ಹಿಂದಿರುಗಿ, ಇನ್ನೂ ನಾಲ್ವತ್ತೇಳು ವರ್ಷ ಪೀಠದಲ್ಲಿದ್ದು, 2020ರ ಸೆಪ್ಟೆಂಬರ್ 6ರಂದು ಬ್ರಹ್ಮೈಕ್ಯರಾದರು.